ಪರವಾನಗಿ ಇಲ್ಲದ ಸೀರೆ

ವಿಜಯಪುರ ಜಿಲ್ಲೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಒಂದು ಬಗೆಯ ಫೋಟೋ ಸಾಮಾನ್ಯ. ಎರಡು-ಮೂರು ವರ್ಷದ ಮಗು. ಪರಕರ, ಪೋಲಕಾ, ಕೈತುಂಬ ಬಳೆ, ಹಣೆಗೆ ಕುಂಕುಮ, ಹೆರಳಿಗೆ ಹೂವಿನ ದಂಡೆ. ಹೆರಳೂ ಕಾಣಲಿ ಎಂದು ಬೆನ್ನ ಹಿಂದೊಂದು ಕನ್ನಡಿ. ಇದು ಯಾರು ಎಂದು ಕೇಳಿದರೆ ಅಜ್ಜಿ ನಗುತ್ತ ಮನೆಯ ಗಂಡುಮಗನ ಕಡೆ ಕೈ ತೋರಿಸುತ್ತಾಳೆ. ಜವಳ ತೆಗೆಸುವ ಮುಂಚೆ, ಕೂದಲು ದೇವರ ಪಾಲಾಗುವ ಮುಂಚೆ, ಗಂಡುಕೂಸಿಗೆ ಹೆಣ್ಣಿನ ಸಿಂಗಾರ ಮಾಡಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಸಂಭ್ರಮದ ಕೆಲಸ. ಸೋದರತ್ತೆ ಪರಕರ ಹೊಲಿಸಿ ತರುತ್ತಾಳೆ, ಓಣಿಯ ಹೆಂಗಸರು ದೃಷ್ಟಿ ತೆಗೆಯುತ್ತಾರೆ. ಆ ಮಗುವನ್ನು ಪೇಟೆಯ ನಡುವೆ ಎತ್ತಿಕೊಂಡು ಹೋಗುವಾಗ ಅಪ್ಪನಿಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಇದೊಂದೇ ಅಲ್ಲ. ಹೋಳಿಹುಣ್ಣಿಮೆಯಲ್ಲಿ ಗಂಡಸರು ಸೀರೆ ಉಟ್ಟು ಸೋಗು ಹಾಕುತ್ತಾರೆ. ಬಾಗಲಕೋಟೆಯ ಸೋಗಿನ ಬಂಡಿ ನೋಡಲು ಸುತ್ತಿನ ಊರುಗಳ ಜನ ಮುಗಿಬೀಳುತ್ತಾರೆ. ಜಾತ್ರೆಯ ನಾಟಕದಲ್ಲಿ ತಲೆಮಾರುಗಳ ಕಾಲ ಊರ ಹುಡುಗರೇ ನಾಯಕಿಯಾದರು. ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ವಾದ ನಡೆಯುತ್ತದೆ. ನಾಗೇಶಿಯ ಪಕ್ಷ ಹಿಡಿದ ಗಂಡು ಹಾಡುಗಾರನೂ ಹೆಣ್ಣಿನ ಪರವಾಗಿ, ಹೆಣ್ಣಾಗಿಯೇ ಹಾಡಿದ್ದುಂಟು. ಇನ್ನು ಎಲ್ಲಮ್ಮನ ಜಗ ಹೊತ್ತು, ಸೀರೆ ಉಟ್ಟು, ಮೈಗೆಲ್ಲ ಭಂಡಾರ ಬಳಿದುಕೊಂಡು ಬಾಗಿಲಿಗೆ ಬಂದ ಜೋಗಪ್ಪನಿಗೆ ಮನೆಯ ಯಜಮಾನನೇ ಬಾಗಿ ಕಾಲು ಮುಟ್ಟುತ್ತಾನೆ.

ಅಂದಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಸೀಮೆಗೆ ಸೀರೆ ಉಟ್ಟ ಗಂಡು ಕಾಣದ ದೃಶ್ಯವೇನಲ್ಲ. ಆದರೂ ಈ ನಾಲ್ಕರ ಯಾವ ಊರಿನಲ್ಲಾದರೂ, ಹಬ್ಬವಲ್ಲದ ಒಂದು ದಿನ, ಗಂಡೆಂದು ಊರಿಗೆಲ್ಲ ಗೊತ್ತಿರುವ ಒಬ್ಬ ವ್ಯಕ್ತಿ ಸೀರೆಯುಟ್ಟು ಮನೆಯಿಂದ ಹೊರಟು ಬಸ್‌ಸ್ಟ್ಯಾಂಡಿನ ತನಕ ನಡೆದರೆ ಊರು ತಡೆದುಕೊಳ್ಳುವುದಿಲ್ಲ. ಸೀಟಿ ಬೀಳುತ್ತದೆ, ಮೊಬೈಲು ಮೇಲೇಳುತ್ತದೆ, ಸಂಜೆಯೊಳಗೆ ಅಣ್ಣತಮ್ಮಂದಿರಿಗೆ ಫೋನು ಹೋಗುತ್ತದೆ. ಉಟ್ಟದ್ದು ಅದೇ ಇಳಕಲ್ ಸೀರೆ, ನಡೆದದ್ದು ಅದೇ ಬೀದಿ. ವ್ಯತ್ಯಾಸ ಇರುವುದು ಒಂದರಲ್ಲಿ. ಮಗುವಿನ ಪರಕರಕ್ಕೆ ಹರಕೆಯ ಅಪ್ಪಣೆ ಇತ್ತು, ಸೋಗಿಗೆ ಹಬ್ಬದ ಅಪ್ಪಣೆ, ನಾಯಕಿಯ ಪಾತ್ರಕ್ಕೆ ರಂಗದ ಅಪ್ಪಣೆ, ಜೋಗಪ್ಪನ ಸೀರೆಗೆ ದೇವಿಯ ಅಪ್ಪಣೆ. ಈ ವ್ಯಕ್ತಿ ಮಾತ್ರ ತನ್ನ ಮನಸ್ಸಿನ ಹೊರತು ಯಾರ ಪರವಾನಗಿಯನ್ನೂ ತಂದಿಲ್ಲ. ಆ ಮನಸ್ಸೇ ಸಾಕು, ಅದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ಊರಿಗಿಲ್ಲ ಎಂಬುದು ನನ್ನ ವಾದ.

ದೇವಿಯ ಅಪ್ಪಣೆಯಿಂದ ಶುರು ಮಾಡಬೇಕು, ಏಕೆಂದರೆ ನಮ್ಮ ಸಂಸ್ಕೃತಿ ಉದಾರವಾದದ್ದು ಎಂದು ಹೇಳುವವರು ಮೊದಲು ತೋರಿಸುವುದು ಜೋಗಪ್ಪಂದಿರನ್ನು. ಆ ಮಾತಿನಲ್ಲಿ ಸತ್ಯವಿದೆ. ಸವದತ್ತಿಯ ಗುಡ್ಡಕ್ಕೆ, ಅಥಣಿ ತಾಲ್ಲೂಕಿನ ಕೋಕಟನೂರಿಗೆ, ಗಡಿಯಾಚೆಯ ಜತ್ತಿನ ಎಲ್ಲಮ್ಮನಿಗೆ ನಮ್ಮ ಜಿಲ್ಲೆಯಿಂದ ಗಾಡಿ ಕಟ್ಟಿಕೊಂಡು ಹೋಗುವ ಸಾವಿರಾರು ಮನೆತನಗಳಿವೆ. ಹೆಣ್ಣಿನ ನಡೆ-ನುಡಿ ತೋರುವ ಹುಡುಗನೊಬ್ಬ ಇಂಥ ಮನೆಯಲ್ಲಿ ಹುಟ್ಟಿದರೆ, ಅವನ ತಲೆಗೂದಲು ಜಡೆಗಟ್ಟಿದರೆ, ಮೈಮೇಲೆ ಗಾಯವೆದ್ದು ಮಾಯದಿದ್ದರೆ, ಅವ್ವ ಹಿಡಿದಾಳ ಎನ್ನುತ್ತಾರೆ. ಆಮೇಲೆ ಮುತ್ತು ಕಟ್ಟುತ್ತಾರೆ. ಅಂದಿನಿಂದ ಸೀರೆ, ಬಳೆ, ಚೌಡಿಕೆ, ಪಡ್ಡಲಗಿ. ಮಂಗಳವಾರ ಶುಕ್ರವಾರ ಜೋಗ ಬೇಡುವುದು. ನಿನ್ನೆಯವರೆಗೆ ಹೆಣ್ಣಿಗ ಎಂದು ಕಲ್ಲು ತೂರಿದ ಹುಡುಗರೇ ಇವತ್ತು ಉಧೋ ಉಧೋ ಎಂದು ಕೈಮುಗಿಯುತ್ತಾರೆ. ಪ್ರಪಂಚದ ಎಷ್ಟೋ ನಾಡುಗಳಲ್ಲಿ ಇಂಥ ಮಗುವಿಗೆ ನಿಲ್ಲಲು ಯಾವ ನೆಲೆಯೂ ಇರಲಿಲ್ಲ ಎಂಬುದನ್ನು ನೆನೆದರೆ ಎಲ್ಲಮ್ಮ ಕೊಟ್ಟದ್ದು ಸಣ್ಣದಲ್ಲ.

ಆದರೆ ಆ ಗೌರವಕ್ಕೆ ಏನು ಬೆಲೆ ಎಂಬುದನ್ನೂ ನೋಡಬೇಕು. ಮುತ್ತು ಕಟ್ಟಿದ ದಿನವೇ ಶಾಲೆ ಮುಗಿಯಿತು. ಹೊಲದಲ್ಲಿ ಪಾಲಿಲ್ಲ, ಮದುವೆಯ ಮಾತಿಲ್ಲ, ಬೇಡಿ ತಿನ್ನುವುದರ ಹೊರತು ಬೇರೆ ದುಡಿಮೆ ಇಲ್ಲ. ಕಾಲಿಗೆ ಬೀಳುವ ಊರು ಕೆಲಸ ಕೊಡುವುದಿಲ್ಲ, ಬಾಡಿಗೆಗೆ ಮನೆ ಕೊಡುವುದಿಲ್ಲ. ಪದ್ಮಶ್ರೀ ಮಂಜಮ್ಮ ಜೋಗತಿಯವರ ಬದುಕು ಇದನ್ನು ತೆರೆದಿಟ್ಟಿದೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಜೋಗತಿಯಾದ ಮೇಲೆ ಭಿಕ್ಷೆ ಬೇಡಿದರು, ಅವಮಾನ ಉಂಡರು, ಸಾಯುವ ಯತ್ನವನ್ನೂ ಮಾಡಿದರು. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತು, ಅದನ್ನೇ ಬಾಳಿನ ಆಸರೆ ಮಾಡಿಕೊಂಡು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು, ನಾನೂ ಪಟ್ಟೆ. ಆದರೆ ಆ ಸೀರೆಯೊಳಗಿನ ಮನುಷ್ಯರನ್ನು ಊರು ಒಪ್ಪಿಕೊಳ್ಳಲು ದೇವಿ ಬೇಕಾಯಿತು, ಕಲೆ ಬೇಕಾಯಿತು, ಕೊನೆಗೆ ಪದ್ಮಶ್ರೀಯೂ ಬೇಕಾಯಿತು. ಇವು ಮೂರೂ ಸಿಕ್ಕದ ಸಾಮಾನ್ಯ ಹುಡುಗನ ಗತಿ ಏನು?

ರಂಗದ ಅಪ್ಪಣೆಯ ಕಥೆ ಇದಕ್ಕಿಂತ ಚಿಕ್ಕದು. ಮರಾಠಿ ರಂಗಭೂಮಿಯ ನಾರಾಯಣರಾವ್ ರಾಜಹಂಸ, ಅಂದರೆ ಬಾಲಗಂಧರ್ವರು, ಸೀರೆ ಉಟ್ಟು ರಂಗಕ್ಕೆ ಬಂದರೆ ಪುಣೆ-ಮುಂಬೈಯ ಹೆಂಗಸರು ಅವರು ಉಟ್ಟಂತೆ ಸೀರೆ ಉಡಲು ಕಲಿಯುತ್ತಿದ್ದರು ಎಂಬುದು ಪ್ರಸಿದ್ಧ. ಮುಂದೆ ಅವರ ಕಂಪನಿಯಲ್ಲಿ ನಾಯಕಿಯಾಗಿ ನಿಂತವರು ನಮ್ಮ ಅವಿಭಜಿತ ವಿಜಾಪುರ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಹೆಣ್ಣಿನ ಪಾತ್ರ ಹೆಣ್ಣಿಗೇ ಸಿಕ್ಕಿತು, ಸಿಕ್ಕಬೇಕಾದದ್ದೇ. ನಮ್ಮ ಹಳ್ಳಿಯ ನಾಟಕಗಳಿಗೂ ಈಗ ದುಡ್ಡು ಕೊಟ್ಟು ನಟಿಯರನ್ನು ಕರೆಸುತ್ತಾರೆ. ಅದರೊಂದಿಗೆ, ವರ್ಷಕ್ಕೊಮ್ಮೆಯಾದರೂ ನಾಲ್ಕು ಮಂದಿಯ ಎದುರು ಸೆರಗು ಹೊದ್ದು ನಿಲ್ಲುತ್ತಿದ್ದ ಊರ ಹುಡುಗನ ಬಾಗಿಲೂ ಮುಚ್ಚಿತು. ಆ ಹುಡುಗರಲ್ಲಿ ಕೆಲವರಿಗಾದರೂ ಅದು ಬರೀ ಪಾತ್ರವಾಗಿರಲಿಲ್ಲ ಎಂದು ನನ್ನ ನಂಬಿಕೆ. ಬಣ್ಣ ಒರೆಸಿದ ಮೇಲೆ ಅವರು ಏನಾಗಿದ್ದರು ಎಂದು ಯಾರೂ ಕೇಳಲಿಲ್ಲ. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ… ಅವಳು’ ಚಿತ್ರದಲ್ಲಿ ಹೆಣ್ಣಾಗುವ ಗಂಡಿನ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗಲೂ ನಾವು ಚಪ್ಪಾಳೆ ತಟ್ಟಿದೆವು. ಆ ಕಥೆಯಲ್ಲಿರುವಂಥ ಒಬ್ಬರು ಪಕ್ಕದ ಓಣಿಯಿಂದ ಎದ್ದು ಬಂದಾಗ ಆ ಕೈಗಳು ಬೇರೆ ಕೆಲಸಕ್ಕೆ ಏಳುತ್ತವೆ.

ಈಗ ಪರವಾನಗಿ ಇಲ್ಲದವರ ಕಡೆ ಬರೋಣ. ಮೊದಲ ಸಲ ಹೊರಗೆ ಹೋಗುವುದೆಂದರೆ ಹೊಸ್ತಿಲು ದಾಟಿ ಬೀದಿಗಿಳಿಯುವ ಆ ಒಂದು ಗಳಿಗೆ ಎಂದು ನಾವು ಎಣಿಸುತ್ತೇವೆ. ನಿಜದಲ್ಲಿ ಅದು ಎಷ್ಟೋ ತಿಂಗಳು ಮುಂಚೆ ಬಟ್ಟೆ ಅಂಗಡಿಯಲ್ಲಿ ಶುರುವಾಗಿರುತ್ತದೆ. ಸೀರೆ ಕೊಳ್ಳುವುದು ಸುಲಭ, ಅಕ್ಕನಿಗೆ ಬೇಕು, ಅವ್ವನಿಗೆ ಬೇಕು ಎಂದರೆ ಆಯಿತು. ಬಳೆಗೂ ಒಂದು ಸುಳ್ಳು ಸಾಕು. ಕುಬಸ ಮಾತ್ರ ಸುಳ್ಳಿಗೆ ಬಗ್ಗುವುದಿಲ್ಲ, ಅದಕ್ಕೆ ಮೈಯ ಅಳತೆ ಕೊಡಲೇಬೇಕು. ತಾಲ್ಲೂಕು ಊರಿನಲ್ಲಿ ಸಿಂಪಿಗರ ಅಂಗಡಿಗೆ ಅಳತೆಗೆಂದು ಹಳೆಯ ಕುಬಸ ತಂದುಕೊಡುವ ರೂಢಿ. ಇವನ ಬಳಿ ಕೊಡಲು ಹಳೆಯದೇ ಇಲ್ಲ. ಟೇಪು ಹಿಡಿದು ನಿಂತ ಮನುಷ್ಯನ ಮುಂದೆ ಇದು ನನಗೇ ಎಂದು ಬಾಯಿಬಿಟ್ಟು ಹೇಳುವುದು ಬಸ್‌ಸ್ಟ್ಯಾಂಡಿನಲ್ಲಿ ನೂರು ಮಂದಿಯ ನಡುವೆ ನಡೆಯುವುದಕ್ಕಿಂತ ಕಷ್ಟದ ಕೆಲಸ. ಹಾಗಾಗಿ ಅನೇಕರು ಅಳತೆ ಕೂಡದ ಸಿದ್ಧ ಉಡುಪನ್ನೇ ಆನ್‌ಲೈನಿನಲ್ಲಿ ತರಿಸುತ್ತಾರೆ, ಪಾರ್ಸೆಲ್ಲು ಮನೆಯವರ ಕೈಗೆ ಬೀಳದಂತೆ ಗೆಳೆಯನ ವಿಳಾಸ ಕೊಡುತ್ತಾರೆ. ಈ ಹಾದಿಯಲ್ಲಿ ಒಬ್ಬ ಸಿಂಪಿಗ ತಲೆಯೆತ್ತದೆ ಅಳತೆ ಬರೆದುಕೊಂಡು ಯಾವಾಗ ಬೇಕು ಎಂದಷ್ಟೇ ಕೇಳಿದರೆ, ಕಾಯ್ದೆ-ಕಾನೂನು ಮಾಡಲಾಗದ ಕೆಲಸವನ್ನು ಅವನು ಮಾಡಿದಂತೆ.

ಇನ್ನೊಂದು ಮಾತು. ಮೊದಲ ಹೆಜ್ಜೆಯನ್ನು ಬಹಳ ಮಂದಿ ಇಲ್ಲಿ ಇಡುವುದೇ ಇಲ್ಲ. ಇಂಡಿಯಿಂದ ಸೊಲ್ಲಾಪುರ ಹತ್ತಿರ. ಅಲ್ಲಿಂದ ಪುಣೆ, ಮುಂಬೈ. ಮಳೆ ಕೈಕೊಟ್ಟ ವರ್ಷ ಸಿಂದಗಿ, ಮುದ್ದೇಬಿಹಾಳದ ಹಳ್ಳಿ-ತಾಂಡಾಗಳಿಂದ ದುಡಿಯಲು ಗುಳೆ ಹೋಗುವ ದಾರಿಯೇ ಇವರಿಗೂ ದಾರಿಯಾಗುತ್ತದೆ. ಯಾರೂ ಗುರುತಿಸದ ಊರಿನಲ್ಲಿ ಮೊದಲ ಸಲ ಉಟ್ಟು ಓಡಾಡಿ, ಹಬ್ಬಕ್ಕೆ ಊರಿಗೆ ಬರುವಾಗ ಪ್ಯಾಂಟು ಶರ್ಟು ತೊಟ್ಟು ಬರುತ್ತಾರೆ. ಅಂಥ ಆಸೆ ಇದ್ದರೆ ಬೆಂಗಳೂರಿಗೋ ಮುಂಬೈಗೋ ಹೋಗಲಿ, ಊರಲ್ಲೇಕೆ ಎನ್ನುವವರು ತಮ್ಮದು ವ್ಯವಹಾರದ ಮಾತು ಎಂದುಕೊಂಡಿದ್ದಾರೆ. ಅದು ಗಡಿಪಾರಿನ ಮಾತು. ಹೊಲ, ಅವ್ವ, ಭಾಷೆ, ಊರದೇವರು, ಜೋಳದ ರೊಟ್ಟಿ ಇವೆಲ್ಲ ಉಳಿದವರಿಗೆ ಹುಟ್ಟಿನಿಂದ ಬಂದ ಪಾಲು. ಇವರಿಗೆ ಮಾತ್ರ ಉಡುಪನ್ನು ಆರಿಸಿಕೊಂಡರೆ ಇದೆಲ್ಲವನ್ನೂ ಬಿಡಬೇಕು ಎಂಬ ಷರತ್ತು.

ಮೋಸ ಎಂಬ ಆರೋಪವೂ ಇಲ್ಲೇ ಬಿದ್ದುಹೋಗುತ್ತದೆ. ಹೆಣ್ಣಿನ ವೇಷ ಹಾಕಿ ಜನರನ್ನು ಯಾಮಾರಿಸುತ್ತಾರೆ ಎಂಬ ದೂರು ಪುಣೆಯ ಗದ್ದಲದಲ್ಲಾದರೂ ಯೋಚಿಸಬಹುದಾದದ್ದು. ಬಸವನಬಾಗೇವಾಡಿಯ ಬಜಾರದಲ್ಲಿ ಯಾರು ಯಾರನ್ನು ಯಾಮಾರಿಸಲು ಸಾಧ್ಯ? ಚಾದಂಗಡಿಯವನಿಗೆ ಇವನು ಯಾರ ಮಗನೆಂದು ಗೊತ್ತು, ಟಂಟಂ ಓಡಿಸುವವನು ಇವನ ಜೊತೆ ಶಾಲೆ ಕಲಿತವನು. ಇಲ್ಲಿ ಸೀರೆ ಉಟ್ಟು ಹೊರಬೀಳುವುದು ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿಬಿಡುವ ಕ್ರಿಯೆ. ಸುಳ್ಳು ಇದ್ದದ್ದು ಮುಂಚಿನ ವರ್ಷಗಳಲ್ಲಿ.

ಕಾನೂನಿನ ಇತಿಹಾಸವನ್ನು ನೋಡಿದರೆ ಬಟ್ಟೆಗೆ ಪರವಾನಗಿ ಕೇಳುವ ಚಟ ಹಳೆಯದು ಮತ್ತು ಎಲ್ಲ ಕಡೆಯದು. ಪ್ಯಾರಿಸ್ಸಿನಲ್ಲಿ 1800ರಲ್ಲಿ ಒಂದು ಆಜ್ಞೆ ಹೊರಟಿತು: ಗಂಡಿನ ಉಡುಪು ತೊಡಬೇಕೆನ್ನುವ ಹೆಂಗಸು ಪೊಲೀಸ್ ಕಚೇರಿಗೆ ಹೋಗಿ ಅನುಮತಿ ಪತ್ರ ಪಡೆಯಬೇಕು. ಎಲ್ಲರೂ ಪ್ಯಾಂಟು ತೊಟ್ಟು ಅದನ್ನು ಮರೆತೇಬಿಟ್ಟ ಮೇಲೂ ಆ ಆಜ್ಞೆ ಕಡತದಲ್ಲಿ ಉಳಿದಿತ್ತು. ಅದಕ್ಕೆ ಬೆಲೆಯಿಲ್ಲ ಎಂದು ಫ್ರೆಂಚ್ ಸರ್ಕಾರ ಹೇಳಿದ್ದು 2013ರಲ್ಲಿ. ನಮ್ಮಲ್ಲಿ ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಲ್ಲಿ, ಉತ್ತರದ ಪ್ರಾಂತಗಳನ್ನು ಕಣ್ಣ ಮುಂದಿಟ್ಟುಕೊಂಡು, ಹಿಜಡಾಗಳ ಹೆಸರನ್ನು ದಾಖಲೆ ಮಾಡಲು ಹೊರಟರು. ದಾಖಲಾದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಅದೇ ಅಚ್ಚಿನಲ್ಲಿ ಹೈದರಾಬಾದ್ ಸಂಸ್ಥಾನವೂ ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ತನ್ನದೊಂದು ಕಾಯ್ದೆ ತಂದಿತು. ಸಿಂದಗಿಯಿಂದ ಪೂರ್ವಕ್ಕೆ ಗಡಿ ದಾಟಿದರೆ ಜೇವರ್ಗಿ, ಅಫಜಲಪುರ. ಆಗ ಅದು ನಿಜಾಮರ ನೆಲ, ಈಚೆಯದು ಮುಂಬೈ ಪ್ರಾಂತ. ಒಂದೇ ಎಲ್ಲಮ್ಮನ ಒಕ್ಕಲು, ಒಂದೇ ಮಾತು, ಬೇರೆ ಬೇರೆ ಸರ್ಕಾರಗಳು. ಹೈದರಾಬಾದಿನ ಆ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟ್ ಅಸಾಂವಿಧಾನಿಕವೆಂದು ತೆಗೆದುಹಾಕಿದ್ದು 2023ರಲ್ಲಿ. ಕರ್ನಾಟಕವೇನೂ ಹಿಂದೆ ಬಿದ್ದಿರಲಿಲ್ಲ. 2011ರಷ್ಟು ಈಚೆಗೆ ನಮ್ಮ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ ಹಿಜಡಾಗಳ ಪಟ್ಟಿ ಇಡಲು ಅವಕಾಶ ಮಾಡಿಕೊಂಡೆವು. ಹೋರಾಟ ನಡೆದು, ಪ್ರಕರಣ ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಪದವನ್ನು ತೆಗೆಯಲಾಯಿತು.

ಇದಕ್ಕೆಲ್ಲ ಎದುರಾಗಿ ನಿಂತದ್ದು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಕೊಟ್ಟ ನಾಲ್ಸಾ ತೀರ್ಪು. ಒಬ್ಬ ಮನುಷ್ಯ ತನ್ನ ಲಿಂಗಭಾವವನ್ನು ಉಡುಪು, ಮಾತು, ನಡೆಯ ಮೂಲಕ ತೋರಿಸುವುದು ಸಂವಿಧಾನದ 19(1)(ಎ) ವಿಧಿ ಕೊಟ್ಟಿರುವ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ನ್ಯಾಯಾಲಯ ಹೇಳಿತು. ಬರೆಯುವ, ಭಾಷಣ ಮಾಡುವ ಹಕ್ಕು ಯಾವ ವಿಧಿಯಲ್ಲಿದೆಯೋ ಉಡುವ ಹಕ್ಕೂ ಅಲ್ಲಿಯೇ ಇದೆ. ಲೇಖಕನಾಗಿ ನನಗೆ ಈ ನೆರೆಹೊರೆ ಬಹಳ ಮುಖ್ಯವೆನಿಸುತ್ತದೆ. ನಾನು ಈ ಲೇಖನ ಬರೆಯಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ನನ್ನ ಮೈಯ ಬಗ್ಗೆ ಯಾರಿಗೂ ಪ್ರಮಾಣಪತ್ರ ಒಪ್ಪಿಸಲಿಲ್ಲ.

ತೀರ್ಪಿನ ನಂತರ ಬಂದ 2019ರ ತೃತೀಯಲಿಂಗಿ ವ್ಯಕ್ತಿಗಳ ಹಕ್ಕು ಸಂರಕ್ಷಣಾ ಕಾಯ್ದೆ ಒಳ್ಳೆಯದನ್ನೂ ತಂದಿತು, ತೊಡಕನ್ನೂ ತಂದಿತು. ಅದರ ವ್ಯಾಖ್ಯೆಯಲ್ಲಿ ಕಿನ್ನರ, ಹಿಜಡಾ, ಅರವಾನಿಗಳ ಜೊತೆ ಜೋಗತ ಎಂಬ ಹೆಸರೂ ಬಂತು. ಎಲ್ಲಮ್ಮನ ಮಕ್ಕಳು ದೇಶದ ಕಾನೂನಿನ ಪುಸ್ತಕಕ್ಕೆ ಹೆಸರು ಹಿಡಿದು ಸೇರಿದರು. ಸಾರ್ವಜನಿಕ ಜಾಗಕ್ಕೆ ಬಿಡದಿರುವುದು, ಮನೆಯಿಂದಲೋ ಊರಿಂದಲೋ ಹೊರಗಟ್ಟುವುದು ಶಿಕ್ಷೆಗೆ ತಕ್ಕ ಅಪರಾಧವೆಂದು 18ನೆಯ ಕಲಮು ಹೇಳಿತು. ಆದರೆ ಗುರುತಿನ ಪತ್ರಕ್ಕಾಗಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಮುದ್ದೇಬಿಹಾಳದ ಹಳ್ಳಿಯೊಂದರ ಹುಡುಗನಿಗೆ ಇದು ಹೇಗೆ ಕಾಣುತ್ತದೆ ನೋಡಿ. ಚೀಟಿ ಇದ್ದರೆ ಹೊರಗೆ ಕಾಲಿಡಲು ಸ್ವಲ್ಪ ಧೈರ್ಯ; ಚೀಟಿ ಬೇಕಾದರೆ ಮೊದಲೇ ಆನ್‌ಲೈನ್ ಕೇಂದ್ರದ ಪರಿಚಯದ ಹುಡುಗನ ಮುಂದೆ, ಕಚೇರಿಯ ಗುಮಾಸ್ತರ ಮುಂದೆ ಹೊರಗೆ ಬಂದಿರಬೇಕು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ಲೈಂಗಿಕ ಅಲ್ಪಸಂಖ್ಯಾತರಿಗೂ ಬಸ್ಸು ಉಚಿತ. ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರು ಕೇಳುವುದು ಮತ್ತೆ ಚೀಟಿಯನ್ನೇ.

ಚೀಟಿ ಬೇಡ ಎನ್ನುತ್ತಿಲ್ಲ ನಾನು. ಸವಲತ್ತಿಗೆ, ಪಿಂಚಣಿಗೆ, 2021ರಲ್ಲಿ ರಾಜ್ಯ ಕೊಟ್ಟ ಶೇ. 1ರ ಉದ್ಯೋಗ ಮೀಸಲಾತಿಗೆ ಗುರುತು ಬೇಕೇಬೇಕು. ಬೀದಿಯಲ್ಲಿ ನಡೆಯಲು ಬೇಡ. ಈ ಎರಡನ್ನು ನಾವು ಕಲಸಿಬಿಟ್ಟಿದ್ದೇವೆ. ತಾನು ಹೆಣ್ಣೇ ಎಂದು ಖಚಿತವಾಗಿ ಅರಿತವರಿರುತ್ತಾರೆ. ತಾನು ಗಂಡೇ, ಆದರೂ ಸೀರೆಯಲ್ಲಿ ನನಗೆ ನೆಮ್ಮದಿ ಎನ್ನುವವರಿರುತ್ತಾರೆ. ಇನ್ನೂ ಯಾವುದನ್ನೂ ತಿಳಿಯದೆ, ತಿಳಿಯಲೆಂದೇ ಮೊದಲ ಸಲ ಉಟ್ಟು ಹೊರಡುವವರಿರುತ್ತಾರೆ. ಈ ಮೂರನೆಯವರನ್ನು ನಿಲ್ಲಿಸಿ ನೀನು ಯಾರು ಹೇಳು, ಆಮೇಲೆ ನಡೆ ಎನ್ನುವುದು ಕ್ರೌರ್ಯ. ನಡೆದರಲ್ಲವೇ ಗೊತ್ತಾಗುವುದು!

ಹೆಂಗಸರ ಆಕ್ಷೇಪವೊಂದಿದೆ. ಅದನ್ನು ಹಗುರಾಗಿ ಕಾಣಲಾರೆ. ಬಸ್ಸಿನ ಹೆಂಗಸರ ಸೀಟು, ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯ ಬಹಳ ಕಷ್ಟಪಟ್ಟು ಗಳಿಸಿಕೊಂಡವು. ಸೀರೆಯ ನೆಪದಲ್ಲಿ ಕೆಟ್ಟ ಗಂಡಸರು ಒಳನುಗ್ಗಿದರೆ ಎಂಬ ಭಯ ಅವರದು. ಕಿಕ್ಕಿರಿದ ಬಸ್ಸಿನಲ್ಲಿ ದಿನವೂ ಮೈಮುಟ್ಟಿಸಿಕೊಳ್ಳುವವರಿಗೆ ಆ ಭಯ ಸಹಜ. ಆದರೆ ಅವರ ಮೈ ಮುಟ್ಟುವವರು ಪ್ಯಾಂಟು ತೊಟ್ಟೇ ಮುಟ್ಟುತ್ತಿದ್ದಾರೆ, ಅದಕ್ಕಾಗಿ ಅವರಿಗೆ ಸೀರೆಯ ಅಗತ್ಯ ಬಿದ್ದಿಲ್ಲ. ಸೀರೆ ಉಟ್ಟು ಬಸ್ಸು ಹತ್ತಿದ ಈ ವ್ಯಕ್ತಿಯ ಮೈಯನ್ನೂ ಅದೇ ಕೈಗಳು ಮುಟ್ಟುತ್ತವೆ, ಇನ್ನೂ ಧೈರ್ಯವಾಗಿ ಮುಟ್ಟುತ್ತವೆ, ಕೇಳುವವರಿಲ್ಲ ಎಂದು. ಅಪರಾಧ ಕೈಯದು, ಹಿಡಿಯಬೇಕಾದದ್ದು ಕೈಯನ್ನು. ಶೌಚಾಲಯದ ಪ್ರಶ್ನೆಗೆ ವಾದಕ್ಕಿಂತ ಇಟ್ಟಿಗೆ-ಸಿಮೆಂಟೇ ಒಳ್ಳೆಯ ಉತ್ತರ. ಪ್ರತಿ ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ, ಗಂಡು-ಹೆಣ್ಣು ಎಂಬ ಫಲಕವಿಲ್ಲದ ಒಂದು ಕೋಣೆ ಕಟ್ಟಿದರೆ ಸಾಕು. ಕಣ್ಣು ಕಾಣದ ಮುದುಕಿಯನ್ನು ಕರೆತಂದ ಮಗನಿಗೆ, ಅಂಗವಿಕಲ ಮಗಳನ್ನು ಎತ್ತಿತಂದ ಅಪ್ಪನಿಗೂ ಅದು ಬೇಕಾಗಿಯೇ ಇದೆ.

ಮಕ್ಕಳು ಕೆಡುತ್ತಾರೆ ಎಂಬ ಮಾತಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪರಕರ ತೊಡಿಸಿ ಫೋಟೋ ತೆಗೆಸಿಕೊಂಡ ಗಂಡುಮಕ್ಕಳು ಕೆಟ್ಟಿಲ್ಲ. ಸೀರೆ ಉಟ್ಟವರ ಹಿಂದೆ ಕೂಗುತ್ತ ಓಡುವ ಮಕ್ಕಳು, ಕೂಗುವುದನ್ನು ಕಟ್ಟೆಯ ಮೇಲೆ ಕೂತ ದೊಡ್ಡವರಿಂದ ಕಲಿತಿರುತ್ತಾರೆ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಚೂಡಿದಾರ ತೊಟ್ಟ ಹುಡುಗಿಯನ್ನು ಹಿರಿಯರು ಬೈದರು, ಜೀನ್ಸ್ ತೊಟ್ಟವಳನ್ನು ಗಂಡುಬೀರಿ ಎಂದರು. ಆ ಬೈಗುಳ ಇನ್ನೂ ಪೂರ್ತಿ ಹೋಗಿಲ್ಲ, ಆದರೂ ಇವತ್ತು ಸಿಂದಗಿಯ ಕಾಲೇಜಿನ ಹುಡುಗಿ ಪ್ಯಾಂಟು ತೊಟ್ಟು ಸ್ಕೂಟಿ ಓಡಿಸಿಕೊಂಡು ಹೋದರೆ ಬಜಾರ ನಿಂತು ನೋಡುವುದಿಲ್ಲ. ಗಂಡಿನ ಬಟ್ಟೆ ತೊಟ್ಟ ಹೆಣ್ಣನ್ನು ಒಂದೆರಡು ತಲೆಮಾರಿನಲ್ಲಿ ಊರು ಅರಗಿಸಿಕೊಂಡಿತು. ಹೆಣ್ಣಿನ ಬಟ್ಟೆ ತೊಟ್ಟ ಗಂಡನ್ನು ಯಾಕೆ ಅರಗಿಸಿಕೊಳ್ಳುತ್ತಿಲ್ಲ? ಹುಡುಗಿ ಏರಿದಳು, ಹುಡುಗ ಇಳಿದ ಎಂದು ನಾವು ಲೆಕ್ಕ ಹಾಕುವುದರಿಂದ. ಕೆಲಸ ಮಾಡದ ಅಧಿಕಾರಿಯ ಮೇಜಿನ ಮೇಲೆ ಬಳೆ, ಸೀರೆ, ಅರಿಸಿನ-ಕುಂಕುಮ ಇಟ್ಟು ಪ್ರತಿಭಟನೆ ಮಾಡುವುದು ನಮ್ಮ ರಾಜಕಾರಣದ ರೂಢಿ. ಅದರಲ್ಲಿ ಹೆಂಗಸರೂ ಇರುತ್ತಾರೆ, ಪ್ರಗತಿಪರರೂ ಇರುತ್ತಾರೆ. ಕೈಗೆ ಬಳೆ ತೊಟ್ಟುಕೋ ಎನ್ನುವುದು ನಮ್ಮ ಭಾಗದ ದೊಡ್ಡ ಬೈಗುಳ. ಅವ್ವ ಉಡುವ ಸೀರೆಯನ್ನು, ತಂಗಿ ತೊಡುವ ಬಳೆಯನ್ನು ಅವಮಾನದ ಸಾಮಾನು ಮಾಡಿಕೊಂಡ ಸಮಾಜಕ್ಕೆ, ಅವನ್ನು ಆಸೆಪಟ್ಟು ತೊಡುವ ಗಂಡು ಅರ್ಥವಾಗುವುದು ಹೇಗೆ? ಅವನ ಮೇಲೆ ಬೀಳುವ ಕಲ್ಲು ಹೆಣ್ಣಿನ ಮೇಲಿನ ತಾತ್ಸಾರದಿಂದಲೇ ಹೊರಟದ್ದು. ಹೀಗಾಗಿ ಇವನ ಹಕ್ಕಿಗಾಗಿ ಮೊದಲು ಮಾತಾಡಬೇಕಾದವರು ಹೆಂಗಸರು ಎಂದು ನನಗೆ ತೋರುತ್ತದೆ.

ಬಸವನಬಾಗೇವಾಡಿಯ ಹೆಸರು ಬಂದಮೇಲೆ ಒಂದು ಕಥೆಯನ್ನು ನೆನೆಯದೆ ಇರಲಾರೆ. ಜನಿವಾರ ಹಾಕಲು ಬಂದಾಗ ಬಾಲಕ ಬಸವಣ್ಣ, ಅಕ್ಕ ನಾಗಮ್ಮನಿಗೆ ಇಲ್ಲದ್ದು ನನಗೇಕೆ ಎಂದು ಕೇಳಿದನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೈಮೇಲೆ ತೊಡುವ ವಸ್ತುವೊಂದು ಗಂಡಿಗೆ ಉಂಟು, ಹೆಣ್ಣಿಗೆ ಇಲ್ಲ ಎಂಬ ವಿಂಗಡಣೆಯನ್ನು ಆ ಹುಡುಗ ಪ್ರಶ್ನಿಸಿದ. ಮನೆ ಬಿಟ್ಟ, ಕೂಡಲಸಂಗಮಕ್ಕೆ ಹೋದ. ಆ ಪರಂಪರೆಯಲ್ಲಿ ಶರಣನು ತನ್ನನ್ನು ಸತಿ ಎಂದು, ಲಿಂಗವನ್ನು ಪತಿ ಎಂದು ಭಾವಿಸಿದ. ಗಂಡಸರು ನಾಚದೆ ಹೆಣ್ಣಿನ ಭಾವದಲ್ಲಿ ಮಾತಾಡಿದರು. ಮುದನೂರಿನ ಜೇಡರ ದಾಸಿಮಯ್ಯ, ಮೈಯ ಮೇಲಿನ ಕುರುಹು ಆತ್ಮಕ್ಕೆ ಅಂಟುವುದಿಲ್ಲ ಎಂಬ ನಿಲುವಿಗೆ ಮುಟ್ಟಿದವರು. 2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಕಚೇರಿಗಳಲ್ಲಿ ಅವರ ಭಾವಚಿತ್ರ ಹಾಕಲು ಆದೇಶಿಸಿತು. ಸೀರೆ ಉಟ್ಟವರೊಬ್ಬರು ದೂರು ಕೊಡಲು ಬಂದಾಗ, ಆ ಚಿತ್ರದ ಕೆಳಗೆ ಕೂತ ಅಧಿಕಾರಿ ಮೊದಲು ಅವರಿಗೊಂದು ಕುರ್ಚಿ ಕೊಟ್ಟು, ಆಮೇಲೆ ದೂರು ಬರೆದುಕೊಳ್ಳಬೇಕು ಎಂದು ನಾನು ಅಪೇಕ್ಷಿಸುತ್ತೇನೆ. ಯಾಕೆ ಹೀಗೆ ಉಟ್ಟಿದ್ದೀ ಎಂಬುದು ದೂರಿಗೆ ಸಂಬಂಧಪಟ್ಟ ಪ್ರಶ್ನೆಯಲ್ಲ.

ಕಡೆಗೆ ಮನೆಯವರಿಗೆ ಹೇಳಬೇಕಾದದ್ದು ಉಳಿದಿದೆ. ಮಗ ಸೀರೆ ಉಟ್ಟು ಹೊರಗೆ ಹೋಗಿದ್ದ ಎಂಬ ಸುದ್ದಿ ಬಂದ ರಾತ್ರಿ ಅಪ್ಪ-ಅವ್ವ ಹುಡುಕುವುದು ಒಂದು ಕಾರಣವನ್ನು. ದೇವಿ ಕಾಟವೇ ಎಂದು ಕೇಳುತ್ತಾರೆ. ಹೌದು ಎಂದುಬಿಟ್ಟರೆ ಎಲ್ಲರಿಗೂ ಹಗುರ. ಅಪ್ಪನ ಮರ್ಯಾದೆ ಉಳಿಯುತ್ತದೆ, ಮಗನಿಗೆ ಸೀರೆ ಸಿಗುತ್ತದೆ, ಊರು ಕೈಮುಗಿಯುತ್ತದೆ. ಎಲ್ಲಮ್ಮನನ್ನು ನಿಜವಾಗಿ ನಂಬಿ ಆ ದಾರಿ ಹಿಡಿಯುವವರನ್ನು ಬೇಡ ಎನ್ನಲು ನಾನು ಯಾರೂ ಅಲ್ಲ. ಆದರೆ ಸೀರೆಯ ಬೆಲೆಯಾಗಿ ಆ ಉತ್ತರವನ್ನು ಮಗನ ಬಾಯಿಂದ ಹೊರಡಿಸಬೇಡಿ. ಅವನು ಐಟಿಐ ಓದುತ್ತಿದ್ದರೆ ಓದು ಮುಗಿಯಲಿ, ನಿಂಬೆ ತೋಟದಲ್ಲಿ ದುಡಿಯುತ್ತಿದ್ದರೆ ನಾಳೆ ಬೆಳಿಗ್ಗೆಯೂ ತೋಟಕ್ಕೆ ಹೋಗಲಿ, ಅಂಗಡಿಯ ಲೆಕ್ಕ ಬರೆಯುತ್ತಿದ್ದರೆ ಆ ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇರಲಿ. ಹೊಲದ ಪಹಣಿಯಿಂದ ಅವನ ಹೆಸರು ತೆಗೆಸುವ ಮಾತು ಅಣ್ಣತಮ್ಮಂದಿರಿಂದ ಬಂದರೆ, ಮನೆಯ ಹಿರಿಯರು ಅಲ್ಲೇ ನಿಲ್ಲಿಸಬೇಕು.